ಅವ್ವ ತಡಕಾಡಲು ಕಲಿತದ್ದು

ದಿನಚರಿ ಬರೆಯುವ ಅಭ್ಯಾಸ ನನಗೆ ಹೈಸ್ಕೂಲಿನಲ್ಲಿ ಬಂದದ್ದು. ತಾರೀಕು, ವಾರ, ಅವ್ವ ಕಟ್ಟಿದ ಹೂವಿನ ಲೆಕ್ಕ, ಮನೆಗೆ ಬಂದವರು ಯಾರು, ಅಷ್ಟೇ. ಕಂದಾಯದ ಇನ್ಸ್‌ಪೆಕ್ಟರು ಮೊದಲ ಸಲ ಬಂದ ದಿನದ ಕೆಳಗೆ, "ಮಂಗಳವಾರ. ಮಲ್ಲಿಗೆ ಹದಿನಾಲ್ಕು ಮಾರು. ಇನ್ಸ್‌ಪೆಕ್ಟರು ಬಂದಿದ್ದರು, ಕಾಫಿ ಕುಡಿದರು" ಎಂದು ಮಾತ್ರ ಇದೆ. ಉಳಿದದ್ದನ್ನು ನೆನಪಿನಿಂದ ಬರೆಯುತ್ತಿದ್ದೇನೆ.

ದೇವರಾಜ ಮೊಹಲ್ಲಾದ ಒಂದು ಗಲ್ಲಿಯಲ್ಲಿ ನಮ್ಮದು ಸಣ್ಣ ಹೆಂಚಿನ ಮನೆ. ಅಪ್ಪ ತೀರಿಕೊಂಡ ಮೇಲೆ ಅದು ಅವ್ವನ ಹೆಸರಿಗೆ ಬಂತು. ಅವ್ವನಿಗೆ ಕಣ್ಣು ಕಾಣುತ್ತಿರಲಿಲ್ಲ. ನಾನು ಚಿಕ್ಕವಳಿದ್ದಾಗಲೇ ಒಂದು ವರ್ಷದೊಳಗೆ ಎರಡೂ ಕಣ್ಣಿನ ಬೆಳಕು ಹೋಗಿತ್ತು. ಆದರೆ ನೋಡುವವರಿಗೆ ಅವಳ ಕಣ್ಣುಗಳಲ್ಲಿ ಯಾವ ಊನವೂ ತಿಳಿಯುತ್ತಿರಲಿಲ್ಲ. ಮನೆಯೊಳಗೆ ಅವಳು ಗೋಡೆ ಮುಟ್ಟಿ ನಡೆದದ್ದನ್ನು ನಾನು ಕಂಡಿರಲಿಲ್ಲ. ತುಂಬಿದ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಹಿತ್ತಲಿನಿಂದ ಒಲೆಯ ತನಕ ನೇರವಾಗಿ ಬರುತ್ತಿದ್ದಳು. ನಡುಮನೆಯಲ್ಲಿ ಕೂತು ಮಾರ್ಕೆಟ್ಟಿನ ಅಂಗಡಿಗಳಿಗೆ ಹೂ ಕಟ್ಟಿಕೊಡುತ್ತಿದ್ದಳು. ನಾನಿನ್ನೂ ಟೈಪಿಂಗ್ ಕಲಿಯುತ್ತಿದ್ದೆ. ಆ ಹೂವಿನಿಂದ ಇಬ್ಬರ ಊಟ ನಡೆಯುತ್ತಿತ್ತು, ಕಂದಾಯ ನಡೆಯುತ್ತಿರಲಿಲ್ಲ.

ಎರಡು ವರ್ಷದ ಬಾಕಿ ಸೇರಿದಾಗ, ಕಟ್ಟದಿದ್ದರೆ ಮನೆ ಜಫ್ತಿ ಎಂಬ ನೋಟೀಸು ಬಂತು. ಇಲವಾಲದಿಂದ ಸೋದರಮಾವ ಓಡಿ ಬಂದರು.

"ಮಾರ್ಬುಡು ಅಕ್ಕ. ನಮ್ಮನೇಲಿ ಬಂದಿರು. ಯಾರೇನು ಬ್ಯಾಡ ಅಂತಾರಾ?"

"ಅಲ್ಲಿಗ್ ಬಂದ್ರೆ ನಾನು ಕುರುಡಿ ಕಣೋ," ಎಂದಳು ಅವ್ವ. "ಇಲ್ಲಿ ಅಲ್ಲ."

"ಅದೂ ದಿಟವೇ. ಕಣ್ಣಿರೋ ನಾನೇ ನಿನ್ ಹೊಸ್ಲು ಎಡವ್ತೀನಿ, ಬಂದಾಗೆಲ್ಲ."

"ನಿಂಗೆ ಕಣ್ಣೈತೆ, ಗ್ಯಾನ ಇಲ್ಲ."

ಮೂವರೂ ನಕ್ಕೆವು. ಆದರೆ ಅವ್ವ ಹೇಳಿದ್ದು ತಮಾಷೆಯಲ್ಲ ಎಂದು ಮಾವನಿಗೂ ಗೊತ್ತಿತ್ತು. ಮರುದಿನ ಅವರು ಕಂದಾಯದ ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದರು. ಅಂಗಹೀನರಾಗಿ ಕೈಲಾಗದವರು ಸ್ವಂತ ಮನೆಯಲ್ಲೇ ವಾಸವಿದ್ದರೆ ಬಾಕಿ ಬಿಟ್ಟು, ಮುಂದಕ್ಕೆ ಅರ್ಧ ಕಂದಾಯ ತೆಗೆದುಕೊಳ್ಳಬಹುದಂತೆ. ಅರ್ಜಿ ನಾನೇ ಬರೆದೆ. ಹಳೆಯದೊಂದು ಡಾಕ್ಟರ ಚೀಟಿಯನ್ನೂ ಜೊತೆಗಿಟ್ಟೆ. ಇನ್ಸ್‌ಪೆಕ್ಟರು ಬಂದು ಕಣ್ಣಾರೆ ನೋಡಿ ವರದಿ ಕೊಟ್ಟರೆ ಆಯಿತು ಎಂದರು ಕಚೇರಿಯವರು.

ಮನೆಗೆ ಅಧಿಕಾರಿ ಬರುತ್ತಾರೆಂದು ಅವ್ವ ಬೆಳಿಗ್ಗೆಯೇ ಎದ್ದು ನೆಲ ಸಾರಿಸಿದಳು. ಪೆಟ್ಟಿಗೆಯಲ್ಲಿದ್ದ ಒಳ್ಳೆಯ ಸೀರೆ ಉಟ್ಟಳು. ಮೆಟ್ಟಿನ ಸದ್ದು ಕೇಳಿದ ಕೂಡಲೇ ಬಾಗಿಲಿಗೆ ಹೋಗಿ, "ಬನ್ನಿ ಸ್ವಾಮಿ, ತಲೆ ಜ್ವಾಪಾನ, ಬಾಗ್ಲು ಗಿಡ್ಡ" ಎಂದಳು. ಇನ್ಸ್‌ಪೆಕ್ಟರು ತಲೆ ತಗ್ಗಿಸಿ ಒಳಗೆ ಬಂದರು. ಅವ್ವ ಅಂಚಿನ ತನಕ ಕಾಫಿ ತುಂಬಿದ ಲೋಟವನ್ನು ಒಂದು ಹನಿಯೂ ಚೆಲ್ಲದಂತೆ ತಂದು ಅವರ ಮುಂದೆ ಹಿಡಿದಳು.

ಅವರು ಅವ್ವನ ಮುಖವನ್ನೇ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. "ಇವರಿಗೆ ಚೂರೂ ಕಾಣಲ್ವೇನಮ್ಮಾ?"

"ಇಲ್ಲ ಸಾರ್. ಮನೆ ಅಭ್ಯಾಸ ಆಗಿದೆ, ಅದಕ್ಕೆ."

"ಇರಬಹುದು. ಆದ್ರೆ ನಾನು ನೋಡಿದ್ದನ್ನೇ ಬರೀಬೇಕು ಕಣಮ್ಮ," ಎಂದರು. ಕೆಟ್ಟ ಮನುಷ್ಯರಲ್ಲ. ಹೊರಡುವಾಗ ಕಾಫಿ ಚೆನ್ನಾಗಿತ್ತು ಎಂದೂ ಹೇಳಿ ಹೋದರು.

ಅರ್ಜಿದಾರರು ಸರಾಗವಾಗಿ ಓಡಾಡುತ್ತಾರೆ, ಮನೆಗೆಲಸ ಮಾಡಿಕೊಳ್ಳುತ್ತಾರೆ, ಆದ್ದರಿಂದ ಅರ್ಜಿಯನ್ನು ತಿರಸ್ಕರಿಸಿದೆ ಎಂದು ಉತ್ತರ ಬಂತು. ಅವ್ವ ಅದನ್ನು ನನ್ನಿಂದ ಎರಡು ಸಲ ಓದಿಸಿದಳು. ಮಾವ ಮೇಲಿನವರನ್ನು ಕಂಡು ಇನ್ನೊಮ್ಮೆ ನೋಡುವಂತೆ ಒಪ್ಪಿಸಿ ಬಂದರು.

"ಈ ಸಲ ಕಾಫಿ ಗೀಫಿ ಏನೂ ಬ್ಯಾಡ. ಕುರುಡ್ರು ಕುರುಡ್ರಂಗಿರ್ಬೇಕು ಅಕ್ಕ."

ಮಾವ ಊರಿಗೆ ಹೋದ ಮೇಲೆ, ಅವ್ವ ಹೂ ಕಟ್ಟುತ್ತಲೇ ಕೇಳಿದಳು: "ಕುರುಡ್ರು ಎಂಗ್ ನಡೀತಾರೆ ಮಗ?"

ಮಾರ್ಕೆಟ್ಟಿನ ಬಾಗಿಲಲ್ಲಿ ಕೂರುತ್ತಿದ್ದ ಒಬ್ಬ ಮುದುಕ ನನಗೆ ನೆನಪಾದ. ಅವನು ನಡೆಯುತ್ತಿದ್ದ ರೀತಿಯನ್ನು ಹೇಳಿದೆ. ಹೇಳಿದರೆ ತಿಳಿಯದು ಎಂದು ಅವ್ವನ ಹಿಂದೆ ನಿಂತು, ಅವಳ ಎರಡೂ ಕೈಗಳನ್ನು ಮುಂದಕ್ಕೆ ಚಾಚಿ ಹಿಡಿದು, ಪಾದದಿಂದ ಮೊದಲು ನೆಲ ಸವರಿ ಆಮೇಲೆ ಊರುವುದನ್ನು ತೋರಿಸಿದೆ.

"ಅಯ್ಯೋ, ಕೋಳಿ ಹಿಡಿಯೋಕ್ ಹೊಂಟೋಳಂಗೈತಲ್ಲೇ," ಎಂದು ನಕ್ಕಳು.

ಮೊದಮೊದಲು ನಾಲ್ಕು ಹೆಜ್ಜೆ ತಡಕಾಡಿ, ಮರೆತು, ಎಂದಿನಂತೆ ನಡೆದುಬಿಡುತ್ತಿದ್ದಳು. ಒಂದು ವಾರ ದಿನವೂ ಮಾಡಿದೆವು. ವಾರದ ಕೊನೆಗೆ, ಹೆಜ್ಜೆಯ ಮೇಲೇ ಗಮನವಿಟ್ಟು ಬರುತ್ತಿದ್ದವಳು ನಡುಮನೆಯ ಕಂಬಕ್ಕೆ ಹಣೆ ಹೊಡೆದುಕೊಂಡಳು. ಅಷ್ಟು ವರ್ಷದಲ್ಲಿ ಅದೇ ಮೊದಲು. ನಾನು ಅರಿಶಿನ ಹಚ್ಚಿದೆ.

ಇನ್ಸ್‌ಪೆಕ್ಟರು ಎರಡನೆಯ ಸಲ ಬಂದಾಗ ಅವ್ವ ಒಳಗಿನಿಂದ ಕೈ ಚಾಚಿಕೊಂಡು ಬಂದಳು. ಅದೇ ಕಂಬಕ್ಕೆ ಭುಜ ತಾಗಿ ತತ್ತರಿಸಿದಳು. ಅದು ನಾವು ಕಲಿತದ್ದಲ್ಲ, ನಿಜವಾಗಿಯೇ ತಾಗಿತ್ತು. ಇನ್ಸ್‌ಪೆಕ್ಟರು ಎದ್ದು ಬಂದು ರಟ್ಟೆ ಹಿಡಿದರು. "ಕೂತ್ಕೊಳಿ ತಾಯಿ, ಕೂತ್ಕೊಳಿ. ನೀವ್ಯಾಕೆ ಬರೋಕ್ ಹೋದ್ರಿ?" ಅವ್ವ ತಲೆ ಬಗ್ಗಿಸಿ ಕೂತಳು.

ಬಾಕಿ ಮನ್ನಾ ಆಯಿತು, ಕಂದಾಯ ಅರ್ಧವಾಯಿತು, ಮನೆ ಉಳಿಯಿತು. ಪ್ರತಿ ವರ್ಷವೂ ಬಂದು ನೋಡುತ್ತೇವೆ ಎಂದು ಆರ್ಡರಿನ ಕೊನೆಯಲ್ಲಿ ಬರೆದಿತ್ತು. ಮಾವ ಮೈಸೂರು ಪಾಕು ತಂದರು. "ಅಕ್ಕಪಕ್ಕದೋರ ಕಣ್ಣಿಗೆ ಬೀಳ್ದಂಗೆ ಇರು, ಯಾರಾದ್ರೂ ಹೋಗಿ ಹೇಳ್ಬುಟ್ಟಾರು," ಎಂದು ಎಚ್ಚರಿಸಿ ಹೋದರು. ಅವ್ವ ಜಗಲಿಗೆ ಬಂದಾಗಲೂ ಹಿತ್ತಲಿಗೆ ಹೋದಾಗಲೂ ಗೋಡೆ ಸವರಿಕೊಂಡೇ ನಡೆಯತೊಡಗಿದಳು. ಜನಕ್ಕಾಗಿ ಎಂದುಕೊಂಡೆ.

ಒಂದು ಮಧ್ಯಾಹ್ನ ಅಂಗಡಿಗೆ ಹೂ ಕೊಟ್ಟು ಬೇಗ ಬಂದೆ. ಮನೆಯಲ್ಲಿ ಅವಳೊಬ್ಬಳೇ ಇದ್ದಳು. ಒಂದು ಕೈ ಗೋಡೆಯ ಮೇಲೆ, ಇನ್ನೊಂದು ಮುಂದಕ್ಕೆ, ಪಾದದಿಂದ ನೆಲ ಸವರುತ್ತ ಒಲೆಯ ಕಡೆ ಹೋಗುತ್ತಿದ್ದಳು.

"ಅವ್ವಾ, ನಾನೇ. ಬಾಗ್ಲು ಹಾಕಿವ್ನಿ. ಯಾರೂ ಇಲ್ಲ, ಸುಮ್ನೆ ನಡಿ."

ಅವಳು ನಿಂತಳು. ಎರಡೂ ಕೈ ಕೆಳಗಿಳಿಸಿದಳು. ಒಂದು ಹೆಜ್ಜೆ ಎತ್ತಿದವಳು ಎಲ್ಲಿ ಊರುವುದೆಂದು ತಿಳಿಯದೆ ಮತ್ತೆ ಅಲ್ಲೇ ಇಟ್ಟಳು.

"ಎಲ್ಲಿವ್ನಿ ಮಗ ನಾನು?"

"ಕಂಬದತ್ರ ಕಣವ್ವ."

"ಯಾವ ಕಂಬ?"

ನಮ್ಮ ಮನೆಯಲ್ಲಿ ಇದ್ದದ್ದು ಎರಡೇ ಕಂಬ. ನಾನು ಹೋಗಿ ಕೈ ಹಿಡಿದುಕೊಂಡು ಒಲೆಯ ಹತ್ತಿರ ಕೂರಿಸಿದೆ. ಅವತ್ತಿನಿಂದ ಹಿತ್ತಲಿನ ನೀರನ್ನು ನಾನೇ ತರುತ್ತಿದ್ದೇನೆ.