ಕೂಸು ಅಂದರೆ

"ಕೂಸಿನ ಕಾರ್ಡ್ ಕೊಡ್ರಿ," ಎಂದಳು ಕೊಪ್ಪದ ಆಸ್ಪತ್ರೆಯಲ್ಲಿ ಲಸಿಕೆ ಹಾಕುವ ಹೊಸ ನರ್ಸ್. ನನ್ನ ಮೊಮ್ಮಗನನ್ನು ಎತ್ತಿಕೊಂಡಿದ್ದ ತಂಗಿ ಶೈಲಾ, "ಕೂಸಲ್ಲ, ಮಾಣಿ" ಎಂದು ತಿದ್ದಿದಳು. "ನಮ್ಮ ಧಾರವಾಡದ ಕಡೆ ಗಂಡು, ಹೆಣ್ಣು ಎರಡೂ ಕೂಸ ರೀ," ಎಂದು ನರ್ಸ್ ನಕ್ಕಳು. ಶೈಲಾ ನಗಲಿಲ್ಲ. ನನಗೆ ಅಲ್ಲಿಂದ ಎದ್ದು ಹೋಗಿಬಿಡೋಣ ಅನ್ನಿಸಿತು. ಯಾಕೆಂದು ಹೇಳುತ್ತೇನೆ, ಕೇಳಿ.

ನಮ್ಮ ಮನೆಮಾತಿನಲ್ಲಿ ಮಾಣಿ ಎಂದರೆ ಗಂಡು, ಕೂಸು ಎಂದರೆ ಹೆಣ್ಣು. ಊರಿಗೆ ಮೊಬೈಲು ಆಗಷ್ಟೇ ಬಂದಿದ್ದ ಕಾಲ. ಅಡ್ಡಗದ್ದೆಗೆ ಮದುವೆಯಾಗಿದ್ದ ಶೈಲಾಗೆ ಆರು ತಿಂಗಳು. ಮೊದಲನೆಯದು ಉಳಿದಿರಲಿಲ್ಲ. ಅವಳ ರಕ್ತಕ್ಕೂ ಮಗುವಿನ ರಕ್ತಕ್ಕೂ ಹೊಂದುವುದಿಲ್ಲವೆಂದು ಘಟ್ಟದ ಕೆಳಗಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿನ ಡಾಕ್ಟರಮ್ಮನೂ ಧಾರವಾಡದ ಕಡೆಯವರೇ. "ಕೂಸಿಗೆ ರಕ್ತ ಭಾಳ ಕಮ್ಮಿ ಅದ. ಹೊಟ್ಟ್ಯಾಗಿದ್ದಾಗನ ಸೂಜಿಲೆ ರಕ್ತ ಹಾಕಬೇಕು. ತಾಯಿಗೂ ಸ್ವಲ್ಪ ಅಪಾಯ ಅದ. ವಿಚಾರ ಮಾಡ್ರಿ," ಎಂದರು.

ಶೈಲಾಳ ಅತ್ತೆಗೆ ಕೇಳಿಸಿದ್ದು ಒಂದೇ ಶಬ್ದ. "ಕೂಸಡ," ಹೆಣ್ಣಂತೆ, ಎಂದರು, ಹೊರಗೆ ಬೆಂಚಿನ ಮೇಲೆ ಕೂತು. "ಅದ್ಕೆ ಇಷ್ಟೆಲ್ಲ ಎಂತಕ್ಕೆ? ಸೊಸೆ ಜೀವ ಮುಖ್ಯ." ಸೊಸೆಯ ಜೀವದ ಮೇಲೆ ಅವರಿಗೆ ಅಷ್ಟು ಪ್ರೀತಿ ಹುಟ್ಟಿದ್ದು ಅಂದೇ. ಶೈಲಾಳ ಗಂಡ ಅಮ್ಮನ ಮಾತಿಗೆ ತಲೆಯಾಡಿಸಿದ. ಶೈಲಾ ನನ್ನ ಸೆರಗು ಹಿಡಿದು, "ಅಕ್ಕಾ, ಯಾವ್ದಾದ್ರೂ ಆಗ್ಲಿ, ನಂಗೆ ಬೇಕು," ಎಂದಳು. ಅವಳನ್ನು ಯಾರೂ ಕೇಳಿರಲಿಲ್ಲ.

ನಾನು ಶಾಲೆಯಲ್ಲಿ ಕನ್ನಡ ಪಾಠ ಹೇಳುವವಳು. ಡಾಕ್ಟರಮ್ಮನ ಕೂಸು ಬರೀ ಮಗು ಎಂದು ನನಗೆ ಆಗಲೇ ಗೊತ್ತಾಗಿತ್ತು. ಹೆಣ್ಣೋ ಗಂಡೋ ಹೇಳುವುದಿಲ್ಲವೆಂದು ಅವರ ಬಾಗಿಲಲ್ಲಿ ಬೋರ್ಡೇ ಇತ್ತು. "ಮಾಣಿಯೂ ಆಗಿರಬಹುದು" ಎಂದಿದ್ದರೆ ಅತ್ತೆಯೇ ಓಡಿಹೋಗಿ ಮಗನ ಸಹಿ ಹಾಕಿಸುತ್ತಿದ್ದರು. ಆದರೆ ನನ್ನ ದೊಡ್ಡಸ್ತಿಕೆ ನೋಡಿ: ಗಂಡಿನ ಆಸೆ ತೋರಿಸಿ ಒಪ್ಪಿಸಬಾರದು, ಹೆಣ್ಣೆಂದುಕೊಂಡೇ ಒಪ್ಪಬೇಕು ಅನ್ನಿಸಿತು. "ಹೆಣ್ಣಾದ್ರೆ ಜೀವ ಅಲ್ದಾ?" ಎಂದು ಭಾಷಣ ಶುರುಮಾಡಿದೆ. ಮಾತು ಬಲ್ಲವನಿಗೆ ಜಗಳವಿಲ್ಲವಂತೆ. ನಾನು ಜಗಳವನ್ನೇ ಮಾಡಿದೆ. ಅತ್ತೆ ಮುಖ ತಿರುಗಿಸಿ, ಸೊಸೆಯನ್ನು ಎಬ್ಬಿಸಿಕೊಂಡು ಶೃಂಗೇರಿ ಬಸ್ಸು ಹತ್ತಿದರು.

ಮೂರು ವಾರಕ್ಕೆ ಮಗು ಹೊಟ್ಟೆಯಲ್ಲೇ ಹೋಯಿತು. ಮಾಣಿ. "ಗೊತ್ತಿದ್ದಿದ್ರೆ ಬಿಡ್ತಿದ್ವಾ," ಎಂದು ಅತ್ತೆ ಎದೆ ಬಡಿದುಕೊಂಡರು. ಕೂಸೇ ಆಗಿದ್ದರೆ ಆ ಕಣ್ಣೀರೂ ಬರುತ್ತಿರಲಿಲ್ಲ. "ಡಾಕ್ಟ್ರು ಯಾಕೆ ಕೂಸು ಅಂತ ಹೇಳಿದ್ರು ಅಕ್ಕಾ?" ಎಂದು ಶೈಲಾ ಕೇಳಿದಳು. "ಅವರಿಗೂ ತಪ್ಪಾಗಿರಬೇಕು," ಎಂದುಬಿಟ್ಟೆ. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ.

ಸೂಜಿ ಚುಚ್ಚಿಸಿಕೊಂಡ ಮೊಮ್ಮಗ ಅಳುತ್ತಿದ್ದ. ಶೈಲಾ ಅವನನ್ನು ನನ್ನ ಕೈಗೆ ಕೊಟ್ಟಳು.

"ಅಕ್ಕಾ, ನೀನು ಕನ್ನಡ ಟೀಚರ್ ಅಲ್ದಾ?" ಎಂದಳು.

ಹೌದು, ಎಂದೆ.