ಬಾಡಿಗೆ ಕುದುರೆಗೊಬ್ಬಳು ದುಭಾಷಿ

ಸಿಂಗಾಪುರದಲ್ಲಿ ನಾವಿರುವ ಕಾಂಡೋದಲ್ಲಿ, ಅಂದರೆ ಅಪಾರ್ಟ್‌ಮೆಂಟಿನಲ್ಲಿ, ಮಕ್ಕಳ ಹುಟ್ಟುಹಬ್ಬಕ್ಕೆ ಪೋನಿ ತರಿಸುವ ಯೋಚನೆ ಯಾರಿಗಾದರೂ ಬಂದರೆ ಅವರು ಗಂಡನನ್ನೋ ಹೆಂಡತಿಯನ್ನೋ ಕೇಳುವ ಮೊದಲು ನನ್ನನ್ನು ಕೇಳುತ್ತಾರೆ. ಲಿಫ್ಟಿನಲ್ಲಿ ಕೇಳುತ್ತಾರೆ. ಈಜುಕೊಳದ ಸುತ್ತ ವಾಕಿಂಗ್ ಮಾಡುವಾಗ ಅಡ್ಡಗಟ್ಟಿ ಕೇಳುತ್ತಾರೆ. "ಅಂಕಲ್, ಪೋನಿ ಗುಡ್ ಐಡಿಯಾನಾ?" ಚೋವಾ ಚು ಕಾಂಗ್‌ನಿಂದ ಬುಕಿತ್ ಪಂಜಾಂಗ್‌ವರೆಗಿನ ಕನ್ನಡಿಗರಲ್ಲಿ ಕುದುರೆ ವಿಷಯಕ್ಕೆ ನಾನೇ ಕೊನೆಯ ಮಾತು ಎಂದು ಹೆಸರಾಗಿಬಿಟ್ಟಿದೆ. ಆ ಹೆಸರು ಹಬ್ಬಿಸಿದವನೂ ನಾನೇ, ಆ ಮಾತು ಬೇರೆ.

ನನ್ನ ಯೋಗ್ಯತೆಗೆ ಪುರಾವೆ ಇದೆ. ಮದುವೆಯಾದ ಹೊಸದರಲ್ಲಿ ಊಟಿಯಲ್ಲಿ ತೆಗೆಸಿದ ಫೋಟೋ. ನಾನು ಕುದುರೆಯ ಮೇಲೆ, ಕಪ್ಪು ಕನ್ನಡಕ, ಕುತ್ತಿಗೆಗೆ ಮಫ್ಲರ್. ಅದೇ ಕುದುರೆಯ ಮೇಲೆ ಅದೇ ಮಫ್ಲರ್ ಹಾಕಿಕೊಂಡು ಕರ್ನಾಟಕದ ಅರ್ಧದಷ್ಟು ಮದುಮಕ್ಕಳು ಫೋಟೋ ತೆಗೆಸಿಕೊಂಡಿರಬಹುದು, ಆದರೆ ಅವರ್ಯಾರೂ ಸಿಂಗಾಪುರದಲ್ಲಿ ನನ್ನ ಎದುರುಮನೆಯಲ್ಲಿಲ್ಲ. ಹಾಗಾಗಿ ಮೊಮ್ಮಗಳು ಚಾರ್ವಿಗೆ ನಾನು ಮೈಸೂರಿನಲ್ಲಿ ದಿನಾ ಕುದುರೆಯ ಮೇಲೆ ಹಾಲು ತರಲು ಹೋಗುತ್ತಿದ್ದೆ ಎಂದು ಹೇಳಿದ್ದೇನೆ. ಒಂದು ಹನಿಯೂ ಚೆಲ್ಲುತ್ತಿರಲಿಲ್ಲ ಎಂದೂ ಸೇರಿಸಿದ್ದೇನೆ.

ಹೇಳಿದ್ದರ ಫಲ ಉಣ್ಣಬೇಕಾಯಿತು. ಪ್ರೈಮರಿ ಒನ್ ಸೇರಿದ ವರ್ಷ ಚಾರ್ವಿ ತನ್ನ ಹುಟ್ಟುಹಬ್ಬಕ್ಕೆ ಪೋನಿಯೇ ಬೇಕೆಂದು ಹಟ ಹಿಡಿದಳು. ಅವಳಪ್ಪ, ಅಂದರೆ ನನ್ನ ಅಳಿಯ ಸುಹಾಸ್, ಬ್ಯೂನಾ ವಿಸ್ಟಾದ ಆಫೀಸಿನಲ್ಲಿ ನಾಲ್ಕು ಜನರನ್ನು ವಿಚಾರಿಸಿ, ಇಂಟರ್ನೆಟ್ಟಿನಲ್ಲಿ ತಡಕಾಡಿ, ಒಂದು ಪೋನಿಯನ್ನು ಬುಕ್ ಮಾಡಿಯೇಬಿಟ್ಟ. ಚಾರ್ವಿ ಮರುದಿನವೇ ಇಡೀ ತರಗತಿಗೆ ಡಂಗುರ ಹೊಡೆದಳು: ಪೋನಿ ಬರುತ್ತೆ, ಎಲ್ಲರೂ ಹತ್ತಬಹುದು, ಆದರೆ ಎಲ್ಲರಿಗಿಂತ ಮೊದಲು ಹತ್ತುವುದು ನಾನು. ನನ್ನ ರಕ್ತ ಅಲ್ಲವೇ, ಜಂಬ ಕೊಚ್ಚುವುದರಲ್ಲಿ ಕಡಿಮೆಯಾಗಲಿಲ್ಲ.

ಪೋನಿ ಎಂದರೆ ಏನೆಂದು ನಿಮಗೊಂದು ಮಾತು ಹೇಳಬೇಕು. ನಮ್ಮವರೆಲ್ಲ ಅದನ್ನು ಕುದುರೆಮರಿ ಅಂದುಕೊಂಡಿದ್ದಾರೆ. ಮರಿ ಅಲ್ಲ. ವಯಸ್ಸಾಗಿದೆ, ಲೋಕ ಕಂಡಿದೆ, ಎತ್ತರ ಮಾತ್ರ ಬರಲಿಲ್ಲ. ನನ್ನ ಹಾಗೆ. ಆದ್ದರಿಂದ ಅದರ ಮೇಲೆ ನನಗೆ ಮೊದಲಿನಿಂದಲೂ ಜಾತಿಬಾಂಧವನ ಅಕ್ಕರೆ. ಹಿಂದಿನ ಕಾಲದ ರಾಜರು ಅಶ್ವಮೇಧ ಮಾಡುವಾಗ ಕುದುರೆಯನ್ನು ಬಿಟ್ಟುಬಿಡುತ್ತಿದ್ದರಂತೆ. ಅದು ಹೋದ ದಾರಿಯೇ ದಾರಿ, ಸೈನ್ಯ ಹಿಂದೆ. ಎಲ್ಲಿ ಹುಲ್ಲು ಚೆನ್ನಾಗಿದೆಯೋ ಅಲ್ಲಿ ಸಾಮ್ರಾಜ್ಯ ವಿಸ್ತಾರ. ಕೊನೆಯಲ್ಲಿ ಆ ಕುದುರೆಗೆ ಒಳ್ಳೆಯದಾಗುತ್ತಿರಲಿಲ್ಲ ಎನ್ನುವುದು ನಿಜ, ಆದರೆ ಒಂದು ವರ್ಷವಾದರೂ ಎಲ್ಲಿಗೆ ಹೋಗಬೇಕೆಂದು ಅದೇ ತೀರ್ಮಾನಿಸುತ್ತಿತ್ತು. ಹುಟ್ಟುಹಬ್ಬದ ಪೋನಿಗೆ ಆ ಭಾಗ್ಯವೂ ಇಲ್ಲ. ಬಾರ್ಬೆಕ್ಯೂ ಒಲೆಯಿಂದ ಸ್ಲೈಡ್‌ವರೆಗೆ, ಸ್ಲೈಡಿನಿಂದ ಬಾರ್ಬೆಕ್ಯೂ ಒಲೆವರೆಗೆ. ಅಷ್ಟೇ ಅದರ ಸಾಮ್ರಾಜ್ಯ.

ಆ ಶನಿವಾರ ಸಂಜೆ ಪೋನಿ ಪುಟ್ಟ ಲಾರಿಯಲ್ಲಿ ಬಂದಿಳಿಯಿತು. ಕಂದು ಮೈ, ಬಿಳಿ ಜೂಲು, ಹೆಸರು ಬಿಸ್ಕೆಟ್. ಹಣೆಗೆ ಎಲಾಸ್ಟಿಕ್ಕಿನಿಂದ ಬಿಗಿದ ಒಂದು ಬೆಳ್ಳಿ ಬಣ್ಣದ ಕೊಂಬು, ಯಾಕೆಂದರೆ ಹೆಣ್ಣುಮಕ್ಕಳಿಗೆಲ್ಲ ಬರೀ ಕುದುರೆ ಸಾಲದು, ಒಂಟಿಕೊಂಬಿನ ಕುದುರೆ ಬೇಕು. ಹಗ್ಗ ಹಿಡಿದಿದ್ದವನು ರೋಸ್ಲಿ ಎಂಬ ನಡುವಯಸ್ಸಿನ ಮಲಯ್ ಮನುಷ್ಯ, ನಗುಮುಖದವನು. ಹುಲ್ಲುಹಾಸಿನ ಮೇಲೆ ಹತ್ತು ಹನ್ನೆರಡು ಮಕ್ಕಳು, ಅವರ ಹಿಂದೆ ಅಪ್ಪ ಅಮ್ಮಂದಿರು, ಅವರ ಕೈಯಲ್ಲಿ ಸೆಲ್ಫಿ ಕೋಲುಗಳು. ದೂರದಿಂದ ನೋಡಿದರೆ ಯಾವುದೋ ಯುದ್ಧಕ್ಕೆ ಹೊರಟ ಹಾಗಿತ್ತು.

ಆಗ ನಮ್ಮ ಬೀಗಿತ್ತಿ ಸರೋಜಮ್ಮನವರು, ಸುಹಾಸನ ತಾಯಿ, ಆರತಿ ತಟ್ಟೆ ಹಿಡಿದುಕೊಂಡು ಬಂದರು. ನಮ್ಮ ಜನ ಹೊಸ ಗಾಡಿ ತಂದರೆ ಏನು ಮಾಡುತ್ತಾರೆಂದು ನಿಮಗೆ ಗೊತ್ತಿದೆ. ಸ್ಕೂಟರ್ ಆಗಲಿ ಬಸ್ ಆಗಲಿ, ಹೂವಿನ ಹಾರ, ಅರಿಶಿನ ಕುಂಕುಮ, ಚಕ್ರದ ಕೆಳಗೆ ನಿಂಬೆಹಣ್ಣು. ಸರೋಜಮ್ಮನವರ ಲೆಕ್ಕದಲ್ಲಿ ಮೊಮ್ಮಗಳು ಮೊದಲ ಸಲ ಹತ್ತುವ ಯಾವುದೇ ವಸ್ತು ವಾಹನ. ಲಿಟಲ್ ಇಂಡಿಯಾದಿಂದ ತಂದ ಸೇವಂತಿಗೆ ಹಾರವನ್ನು ಬಿಸ್ಕೆಟ್ ಕೊರಳಿಗೆ ಹಾಕಿದರು. ಕೊಂಬಿಗೆ ಕುಂಕುಮ ಹಚ್ಚಿದರು. ಆಮೇಲೆ ಸೊಂಟ ಬಗ್ಗಿಸಿ ನಾಲ್ಕೂ ಗೊರಸಿನ ಮುಂದೆ ಒಂದೊಂದು ನಿಂಬೆಹಣ್ಣು ಇಟ್ಟರು.

"ಅಮ್ಮಾ, ಇದು ಕಾರಲ್ಲಮ್ಮಾ!" ಸುಹಾಸ್ ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ.

"ಗೊತ್ತು ಸುಮ್ನಿರೋ. ಕಾರಿಗಾದ್ರೆ ಬ್ರೇಕ್ ಇರತ್ತೆ. ಇದಕ್ಕೆ ಅದೂ ಇಲ್ಲ."

"ಬೀಗಿತ್ತಿಯವರೇ, ಹೆಡ್‌ಲೈಟಿಗೂ ಸ್ವಲ್ಪ ಕುಂಕುಮ ಇಡಿ," ಎಂದೆ ನಾನು.

"ನೀವು ಊಟೀಲಿ ಹತ್ತಿದ್ರಲ್ಲ, ಆ ಕುದುರೆಗೆ ಯಾರಾದ್ರೂ ದೃಷ್ಟಿ ತೆಗೆದಿದ್ರೆ ಪಾಪ ಬದುಕ್ಕೋತಿತ್ತು," ಎಂದರು ಅವರು. ಇಂಥ ಬೀಗಿತ್ತಿ ಸಿಗುವುದಕ್ಕೂ ಪುಣ್ಯ ಮಾಡಿರಬೇಕು.

ರೋಸ್ಲಿ ನಿಂಬೆಹಣ್ಣುಗಳನ್ನು ನೋಡಿ, ಇದು ಕುದುರೆಗೆ ತಿನ್ನಲಿಕ್ಕೋ ಎಂದು ನನ್ನನ್ನು ಕೇಳಿದ. ನಾನು ಉತ್ತರ ಕೊಡುವಷ್ಟರಲ್ಲಿ ಬಿಸ್ಕೆಟ್ ಕತ್ತು ತಿರುಗಿಸಿ ತನ್ನ ಹಾರವನ್ನೇ ತಿನ್ನತೊಡಗಿತು. ಮಕ್ಕಳು ಬಿದ್ದು ಬಿದ್ದು ನಕ್ಕರು. ಚಾರ್ವಿ ಮಾತ್ರ ನಗಲಿಲ್ಲ. ಆ ದೊಡ್ಡ ಹಲ್ಲುಗಳನ್ನೇ ನೋಡುತ್ತಿದ್ದಳು.

"ಬರ್ತ್‌ಡೇ ಗರ್ಲ್ ಫಸ್ಟ್!" ಎಂದು ಎಲ್ಲರೂ ಕೂಗಿದರು. ನನ್ನ ಮಗಳು ವೀಣಾ ಫೋನ್ ಎತ್ತಿ ಹಿಡಿದಳು. "ಬಾ ಪುಟ್ಟಾ, ವಿಡಿಯೋ ಆನ್ ಆಗಿದೆ." ಚಾರ್ವಿ ಎರಡು ಹೆಜ್ಜೆ ಮುಂದೆ ಹೋದಳು. ಬಿಸ್ಕೆಟ್ ಮೂಗಿನಿಂದ ಫುರ್ರ್ ಎಂದಿತು. ಅವಳು ಅಷ್ಟೇ ಬೇಗ ಹಿಂದೆ ಬಂದು ನನ್ನ ಪಂಚೆ ಹಿಡಿದುಕೊಂಡಳು.

"ತಾತ," ಎಂದಳು, ಬಗ್ಗಿದ ನನ್ನ ಕಿವಿಯಲ್ಲಿ. "ಅದು ಉಸಿರಾಡ್ತಿದೆ."

ಆ ಮಾತಿಗೆ ನಾನು ನಗಬಹುದಿತ್ತು. ನಗಲಿಲ್ಲ. ಅವಳು ಇಷ್ಟು ದಿನ ಕಂಡದ್ದು ಪೆನ್ಸಿಲ್ ಬಾಕ್ಸಿನ ಮೇಲಿನ ಕುದುರೆ, ಸ್ಕೂಲ್ ಬ್ಯಾಗಿನ ಮೇಲಿನ ಕುದುರೆ. ಅವು ಉಸಿರಾಡುವುದಿಲ್ಲ, ಬೆವರುವುದಿಲ್ಲ, ಕೊರಳಿನ ಹಾರ ತಿನ್ನುವುದಿಲ್ಲ. ಹೊಟ್ಟೆ ಉಬ್ಬಿ ಇಳಿಯುವ, ಬಿಸಿ ವಾಸನೆಯ ಇಷ್ಟು ದೊಡ್ಡ ಜೀವ ಎದುರಿಗೆ ಬಂದು ನಿಂತರೆ ಹೆದರದೆ ಇರುವವರೇ ದಡ್ಡರು. ಆದರೆ ಅದನ್ನು ತರಗತಿಗೆ ವಿವರಿಸುವುದು ಹೇಗೆ? ಸೋಮವಾರ ಅವಳು ಅದೇ ಮಕ್ಕಳ ಜೊತೆ ಕೂರಬೇಕು. ಮೊದಲು ಹತ್ತುವುದು ನಾನು ಎಂದು ಹೇಳಿಕೊಂಡವಳು.

ಈಥನ್ ಎಂಬ ಹಲ್ಲುಬಿದ್ದ ಹುಡುಗ ಆಗಲೇ ವಾಸನೆ ಹಿಡಿದಿದ್ದ. "ಚಾರ್ವಿ ಸ್ಕೇರ್ಡ್ ಆ?"

"ನೋ ಲಾ," ಎಂದಳು ಚಾರ್ವಿ. ಸಿಂಗಾಪುರದ ಇಂಗ್ಲಿಷ್ ಮಾತಿಗೆಲ್ಲ ಇಂಥದೊಂದು ಲಾ ಬಾಲ ಇರುತ್ತದೆ. ಸುಹಾಸ್ ಅವಳನ್ನು ಎತ್ತಿ ಕೂರಿಸಲು ಮುಂದೆ ಬಂದ. ಅವಳು ಕಟ್ಟಿಗೆಯ ಹಾಗೆ ಸೆಟೆದುಕೊಂಡಳು. ಇನ್ನು ಅರ್ಧ ನಿಮಿಷದಲ್ಲಿ ಅಳು ಬರುತ್ತದೆ, ವಿಡಿಯೋ ಬೇರೆ ಆನ್ ಆಗಿದೆ.

ಇಂಥ ಹೊತ್ತಿಗೆಂದೇ ದೇವರು ನನ್ನಂಥವರನ್ನು ಹುಟ್ಟಿಸುವುದು. ನಾನು ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ, ಗಂಭೀರವಾಗಿ ಘೋಷಿಸಿದೆ: ಮಕ್ಕಳೇ, ಒಂದು ತೊಂದರೆ ಇದೆ. ಈ ಪೋನಿಗೆ ಇಂಗ್ಲಿಷ್ ಬರುವುದಿಲ್ಲ. ಇದು ಮೈಸೂರಿನ ವಂಶದ್ದು. ಕನ್ನಡ ಬಿಟ್ಟು ಇನ್ಯಾವ ಭಾಷೆಗೂ ನಡೆಯುವುದಿಲ್ಲ. ಪಕ್ಕದಲ್ಲಿ ಒಬ್ಬ ದುಭಾಷಿ ನಡೆಯಲೇಬೇಕು, ಅದು ನಿಯಮ. ನಿಮ್ಮಲ್ಲಿ ಕನ್ನಡ ಬರುವವರು ಯಾರು?

"ಅಂಕಲ್ ಬ್ಲಫ್ ಲಾ!" ಎಂದ ಈಥನ್. ಸರಿಯಾಗಿಯೇ ಹೇಳಿದ್ದ. ನಾನು ರೋಸ್ಲಿಯ ಕಡೆ ಒಂದು ಕಣ್ಣು ಹೊಡೆದೆ. ಅವನು ಹಗ್ಗವನ್ನು ಸದ್ದಿಲ್ಲದೆ ಒಂದು ಸುತ್ತು ಬಿಗಿ ಮಾಡಿಕೊಂಡ.

ಈಥನ್ ಮೇಲೆ ಹತ್ತಿ ಕೂತು "ಗೋ! ಗೋ!" ಎಂದ. ಬಿಸ್ಕೆಟ್ ಸೇವಂತಿಗೆ ಅಗಿಯುತ್ತ ನಿಂತೇ ಇತ್ತು. ಮ್ಯಾಂಡರಿನ್‌ನಲ್ಲೂ ಏನೋ ಹೇಳಿ ನೋಡಿದ. ಊಹೂಂ. ಮಕ್ಕಳೆಲ್ಲ ತಿರುಗಿ ಚಾರ್ವಿಯನ್ನು ನೋಡಿದರು. ಇದೇ ಚಾರ್ವಿ ಸ್ಕೂಲ್ ಬಸ್ಸಿನ ಹತ್ತಿರ "ತಾತ, ಫ್ರೆಂಡ್ಸ್ ಮುಂದೆ ಕನ್ನಡ ಬೇಡ ಲಾ" ಎಂದು ನನ್ನ ಬಾಯಿ ಮುಚ್ಚಿಸುವವಳು. ಅವಳು ನನ್ನ ಮುಖ ನೋಡಿದಳು, ಈಥನ್ ಮುಖ ನೋಡಿದಳು, ಕೊನೆಗೆ ಕುದುರೆಯ ಮುಖ ನೋಡಿದಳು.

"ನಡಿ," ಎಂದಳು, ಸೊಳ್ಳೆಗೂ ಕೇಳಿಸದಷ್ಟು ಮೆತ್ತಗೆ.

ರೋಸ್ಲಿಯ ಕಿವಿ ಚುರುಕು. ಬಿಸ್ಕೆಟ್ ನಡೆಯಿತು.

ಆಮೇಲೆ ಎಲ್ಲ ಮಕ್ಕಳಿಗೂ ದುಭಾಷಿ ಬೇಕಾಯಿತು. ಮೊದಲ ಸುತ್ತಿನಲ್ಲಿ ಅವಳು ಕುದುರೆಯಿಂದ ಒಂದು ಮಾರು ದೂರ ನಡೆದಳು. ಮೂರನೆಯ ಸುತ್ತಿಗೆ ಅರ್ಧ ಮಾರು. ಅಷ್ಟರಲ್ಲಿ ಓಡಿಬಂದು ನನ್ನನ್ನು ಕೇಳಿದಳು: "ತಾತ, ಬಿಸ್ಕೆಟ್ ನನಗಿಂತ ದೊಡ್ಡದಾ?"

"ನಿನಗಿಂತ ತುಂಬಾ ದೊಡ್ಡದು."

"ಹಂಗಾದ್ರೆ ನಡೀರಿ ಅನ್ಬೇಕು ಅಲ್ವಾ?"

ಅಲ್ಲಿಂದ ಮುಂದೆ ಬಿಸ್ಕೆಟ್ಟಿಗೆ ಬಹುವಚನ. ನಡೀರಿ, ನಿಲ್ಲಿ, ಈ ಕಡೆ ಬನ್ನಿ. ಚೀನೀ ಮಕ್ಕಳು, ತಮಿಳು ಮಕ್ಕಳು, ಒಬ್ಬ ಫ್ರೆಂಚ್ ಹುಡುಗಿ, ಎಲ್ಲರೂ ಅವಳ ಹಿಂದೆ "ನಡೀರಿ, ನಡೀರಿ" ಎಂದು ಕೂಗುತ್ತ ಸಾಗಿದರು. ಸಿಂಗಾಪುರದಲ್ಲಿ ಕನ್ನಡಕ್ಕೆ ಅಷ್ಟು ದೊಡ್ಡ ಮೆರವಣಿಗೆ ನಾನಂತೂ ಕಂಡಿಲ್ಲ, ಅದನ್ನು ಏರ್ಪಡಿಸಿದ ಕೀರ್ತಿ ಯಾರದೆಂದು ಮತ್ತೆ ಹೇಳುವುದಿಲ್ಲ. ನನ್ನದು.

"ಸುಳ್ಳಿಗೂ ಒಂದು ಮಿತಿ ಬೇಡ್ವಾ ಬೀಗರೇ?" ಎಂದರು ಸರೋಜಮ್ಮ. ಆದರೆ ನಿಂಬೆಹಣ್ಣು ಎತ್ತಿಕೊಳ್ಳುವ ನೆಪದಲ್ಲಿ ಕುದುರೆಯ ಹತ್ತಿರ ಹೋಗಿ ಅವರೂ ಒಮ್ಮೆ "ನಡೀಪ್ಪಾ" ಎಂದು ಪರೀಕ್ಷೆ ಮಾಡಿದ್ದನ್ನು ನಾನು ನೋಡಿದೆ.

ಅಂದಮೇಲೆ ಪೋನಿ ಗುಡ್ ಐಡಿಯಾನಾ? ಕೇಳಿದವರಿಗೆ ನಾನು ಹೇಳುವುದಿಷ್ಟು. ಮಕ್ಕಳು ಎಂದಾದರೂ ಒಮ್ಮೆ ಉಸಿರಾಡುವ ಪ್ರಾಣಿಯೊಂದರ ಪಕ್ಕ ನಿಲ್ಲುವುದು ಒಳ್ಳೆಯದೇ. ಮೇಲೆ ಹತ್ತಲೇಬೇಕೆಂದೇನಿಲ್ಲ. ಕೊಂಬು ಬೇಡ, ಎಲಾಸ್ಟಿಕ್ ಕಿವಿಯ ಹಿಂದೆ ಒತ್ತುತ್ತದೆ. ಬಿಸಿಲು ಇಳಿದಿರಲಿ, ನೀರಿನ ಬಕೆಟ್ ಇರಲಿ, ಮಕ್ಕಳ ಸಂಖ್ಯೆ ಕಡಿಮೆ ಇರಲಿ. ಕೇಳಿದವರು ತಲೆಯಾಡಿಸುತ್ತಾರೆ, ಮತ್ತೆ ಇಡೀ ತರಗತಿಯನ್ನು ಕರೆಯುತ್ತಾರೆ. ನಾವೂ ಕರೆದಿದ್ದೆವು, ನಾನೇನು ದೊಡ್ಡ ಮಾತಾಡಲಿ.

ಕೇಕ್ ಬಂತು. ಮಕ್ಕಳೆಲ್ಲ ಆ ಕಡೆ ನುಗ್ಗಿದರು. ಹುಲ್ಲುಹಾಸಿನ ಮೇಲೆ ಉಳಿದವರು ಚಾರ್ವಿ ಸೇರಿ ನಾವು ಮನೆಯವರು, ರೋಸ್ಲಿ, ಬಿಸ್ಕೆಟ್. ಇನ್ನೊಂದು ಸುತ್ತಿಗೆ ಸಮಯವಿದೆ, ಬರ್ತ್‌ಡೇ ಗರ್ಲ್ ಬರಬಹುದು ಎಂದ ರೋಸ್ಲಿ.

"ಈಗ ಹತ್ತು ಪುಟ್ಟಾ, ಯಾರೂ ನೋಡ್ತಿಲ್ಲ," ಎಂದಳು ವೀಣಾ. ಫೋನನ್ನೂ ಚೀಲಕ್ಕೆ ಹಾಕಿಬಿಟ್ಟಿದ್ದಳು.

ಚಾರ್ವಿ ಬಿಸ್ಕೆಟ್ ಹತ್ತಿರ ಹೋದಳು. ಈ ಸಲ ನಿಲ್ಲಲಿಲ್ಲ. ಅಂಗೈಯನ್ನು ಅದರ ಕತ್ತಿನ ಮೇಲೆ ಇಟ್ಟಳು. ಇಟ್ಟ ಕೈ ಅದರ ಉಸಿರಿನ ಜೊತೆ ಸ್ವಲ್ಪ ಮೇಲೆ ಹೋಗಿ ಕೆಳಗೆ ಬರುತ್ತಿತ್ತು.

"ನಾನು ಕೂತ್ಕೊಳ್ಳಾ?" ಎಂದು ಕೇಳಿದಳು, ಕನ್ನಡದಲ್ಲಿ. ಕೇಳಿ ಉತ್ತರಕ್ಕೆ ಕಾದಳು. ಬಿಸ್ಕೆಟ್ ಒಂದು ಹಿಂಗಾಲನ್ನು ಮಡಚಿ ಗೊರಸಿನ ತುದಿಯ ಮೇಲೆ ನಿಲ್ಲಿಸಿಕೊಂಡು, ಕಣ್ಣು ಅರ್ಧ ಮುಚ್ಚಿತು.

ಚಾರ್ವಿ ನಮ್ಮ ಕಡೆ ತಿರುಗಿದಳು. "ಬೇಡ್ವಂತೆ. ಸುಸ್ತಾಗಿದೆಯಂತೆ."

"ಸ್ವೀಟೀ, ಹಾರ್ಸ್ ಹಂಗೆಲ್ಲ..." ಎಂದು ಸುಹಾಸ್ ಶುರು ಮಾಡಿದ. ನಾನು ಅವನ ಕಾಲು ತುಳಿದೆ.

ಅವಳಿಗೆ ಇನ್ನೂ ಹೆದರಿಕೆ ಇತ್ತೋ, ಕುದುರೆಗೆ ನಿಜಕ್ಕೂ ಸುಸ್ತಾಗಿತ್ತೋ, ಅಥವಾ ಎರಡೂ ನಿಜವೋ, ನನಗೆ ಗೊತ್ತಿಲ್ಲ. ನನಗೆ ಕುದುರೆಯ ಭಾಷೆ ಬರುವುದಿಲ್ಲ, ಹಾಗಾಗಿ ಅನುವಾದದಲ್ಲಿ ತಪ್ಪು ಹುಡುಕುವ ಅಧಿಕಾರವೂ ನನಗಿಲ್ಲ. ನೀರಿನ ಬಕೆಟ್ಟನ್ನು ಹತ್ತಿರ ಎಳೆದು, ಜೀನು ಬಿಚ್ಚಲು ರೋಸ್ಲಿಗೆ ಹೇಳಿದೆ.