ಪಕ್ಕದ ಮಳಿಗೆಯವರು

ರಸ್ತೆ ಅಗಲ ಮಾಡುವಾಗ ವೀರಬಸಮ್ಮನ ಮನೆ ಮುಂದಿನ ಹಿಟ್ಟಿನ ಮಿಲ್ಲು ಹೋಯಿತು. ಬಾಳೆಹೊನ್ನೂರು ಕಡೆಯಿಂದ ನರಸಿಂಹರಾಜಪುರಕ್ಕೆ ಸೊಸೆಯಾಗಿ ಬಂದವಳು, ಅತ್ತೆಯಿಂದ ಕಲಿತ ಕಸುಬು ಅದೊಂದೇ. ಲಗೇಜ್ ಆಟೋ ಓಡಿಸುವ ಗಂಡ ರೇಣುಕಪ್ಪ, "ದುಡಿದಿದ್ದು ಸಾಕು ಮಾರಾಯ್ತಿ, ಇನ್ನು ಮನೇಲಿ ಕೂತ್ಕೋ" ಅಂದ. ಸುಮ್ಮನೆ ಕೂರುವ ಜಾಯಮಾನ ಅವಳದಲ್ಲ.

ಆಗಲೇ ಪಟ್ಟಣ ಪಂಚಾಯ್ತಿಯವರು ಮೈಕಿನಲ್ಲಿ ಸಾರಿದ್ದು. ಹೊಸ ಮಳಿಗೆಗಳಲ್ಲಿ ವ್ಯಾಪಾರ ಶುರು ಮಾಡುವವರಿಗೆ ಮೊದಲ ವರ್ಷ ಬಾಡಿಗೆ ಇಲ್ಲ, ಕರೆಂಟಿನ ಖರ್ಚು ಪಂಚಾಯ್ತಿಯದು, ಮೆಷಿನ್ನಿಗೆ ಸಬ್ಸಿಡಿಯೂ ಉಂಟು. ಊರಿನಾಚೆ ಕಟ್ಟಿದ ಆ ಕಟ್ಟಡಕ್ಕೆ ಯಾರೂ ಹೋಗದೆ ಶಟರುಗಳೆಲ್ಲ ಮುಚ್ಚಿದಂತೇ ಇದ್ದವು. ಮೊದಲು ಶಟರ್ ಎತ್ತಿದವಳು ವೀರಬಸಮ್ಮ.

"ಆ ಮೂಲೆಗೆ ಯಾವ ಗಿರಾಕಿ ಬರ್ತಾರೆ ನೋಡ್ತೀನಿ" ಎಂದು ರೇಣುಕಪ್ಪ ನಕ್ಕಿದ್ದ. ಬೋರ್ಡ್ ಬರೆಸುವ ಮೊದಲೇ ಗಿರಾಕಿಗಳು ಬಂದರು.

ಗೋಧಿ ಬೀಸಿಸಲು ಬಂದ ಮೂಕಾಂಬಿಕಾಳನ್ನು ವೀರಬಸಮ್ಮ ಕೇಳಿದಳು: "ಇಲ್ಲಿ ಮಿಲ್ಲಿದೆ ಅಂತ ಹೆಂಗೆ ಗೊತ್ತಾಯ್ತು?"

"ಪಕ್ಕದ ಅಂಗಡಿಯವರೇ ಕರೆದು ಹೇಳಿದ್ರಲ್ಲಕ್ಕ. ಬಿಳಿ ಅಂಗಿಯವರು, ತುಂಬಾ ಒಳ್ಳೆಯವರು."

ವೀರಬಸಮ್ಮ ಆಚೆ ಬಂದು ನೋಡಿದಳು. ಪಕ್ಕದ ಮಳಿಗೆಗೆ ಬೀಗ. ಕಟ್ಟಿದಾಗಿನಿಂದ ಅದನ್ನು ಯಾರೂ ತೆಗೆದದ್ದೇ ಇಲ್ಲ.

ಮೂಕಾಂಬಿಕಾ ತಮಾಷೆ ಮಾಡಿರಬೇಕು ಅಂದುಕೊಂಡಳು. ಆದರೆ ಒಬ್ಬರ ಹಿಂದೆ ಒಬ್ಬರು ಅದನ್ನೇ ಹೇಳತೊಡಗಿದರು. ಒಬ್ಬ ಮುದುಕಿ ಅಂತೂ, "ನೀನು ಬೆಳಿಗ್ಗೆಯಿಂದ ಏನೂ ತಿಂದಿಲ್ಲವಂತೆ, ಪಕ್ಕದವರು ಬೇಜಾರು ಮಾಡ್ಕೊಂಡ್ರು" ಅಂದಳು. ಅವತ್ತು ವೀರಬಸಮ್ಮ ತಿಂಡಿ ತಿಂದಿರಲಿಲ್ಲ. ಯಾರಿಗೂ ಹೇಳಿಯೂ ಇರಲಿಲ್ಲ. ಅಲ್ಲಿಂದ ಮುಂದೆ ಮಿಲ್ಲು ನಿಲ್ಲಿಸಲೇ ಹೆದರಿಕೆ. ಅದರ ಸದ್ದು ಅಡಗಿದ ಕೂಡಲೇ ಗೋಡೆಯಾಚೆ ಯಾರೋ ಅರ್ಧಕ್ಕೆ ಮಾತು ನಿಲ್ಲಿಸಿದಂತಾಗುತ್ತಿತ್ತು.

ಗಂಡನಿಗೆ ಹೇಳಿದರೆ, "ಮಿಲ್ಲಿನ ಸದ್ದಿಗೆ ನಿನ್ನ ಕಿವಿ ಕೆಟ್ಟಿದೆ" ಎಂದು ತಳ್ಳಿಹಾಕಿದ.

ಮರುವಾರ ಮಟಮಟ ಮಧ್ಯಾಹ್ನ ರೇಣುಕಪ್ಪ ಊಟ ತರುವುದು ತಡವಾಯಿತು. ವೀರಬಸಮ್ಮ ಹೊರಗೆ ಇಣುಕಿದಳು. ಅವನು ಡಬ್ಬಿ ಹಿಡಿದುಕೊಂಡು, ಪಕ್ಕದ ಮಳಿಗೆಯ ಮುಚ್ಚಿದ ಶಟರಿಗೆ ಮುಖ ಮಾಡಿ ನಿಂತಿದ್ದ. ತಲೆಯಾಡಿಸುತ್ತಿದ್ದ. ನಗುತ್ತಿದ್ದ.

"ರೀ, ಯಾರ ಹತ್ರ ಮಾತು?"

"ಎಂತ ಕೇಳ್ತೀಯ, ಇವರ ಹತ್ರ..." ಎಂದು ಶಟರಿನ ಕಡೆ ತಿರುಗಿ ನೋಡಿದವನ ಮುಖ ಬಿಳಿಚಿಕೊಂಡಿತು. ಶಟರಿಗೂ ಅವನಿಗೂ ನಡುವೆ ಒಂದು ಗೇಣೂ ಜಾಗ ಇರಲಿಲ್ಲ.

ಇಬ್ಬರೂ ಸೀದಾ ಪಂಚಾಯ್ತಿ ಆಫೀಸಿಗೆ ಹೋದರು. ಮಳಿಗೆಗಳ ಉಸ್ತುವಾರಿ ನೋಡುವ ಜಯಪ್ರಕಾಶ್ ಕೀಲಿ ತಂದು, ತುಕ್ಕು ಹಿಡಿದ ಬೀಗವನ್ನು ಎಣ್ಣೆ ಹಾಕಿ ತೆಗೆದ. ಒಳಗೆ ಏನೂ ಇರಲಿಲ್ಲ. ನೆಲದ ಮೇಲೆ ಸಿಮೆಂಟಿನ ಧೂಳು ಹಾಸಿದ ಹಾಗಿತ್ತು. ಒಂದು ಹೆಜ್ಜೆಯ ಗುರುತೂ ಇಲ್ಲ.

"ಖಾಲಿ ಬಿಟ್ಟ ಜಾಗ, ಹಿಂಗೇ ಏನೇನೋ ಅನ್ಸುತ್ತೆ" ಅಂದ ಜಯಪ್ರಕಾಶ್, ಹೊಸ್ತಿಲು ಮಾತ್ರ ದಾಟಲಿಲ್ಲ. "ಇದನ್ನೂ ನೀವೇ ತಗೊಳ್ಳಿ ಅಮ್ಮ. ಅದೇ ಯೋಜನೆ, ಅದೇ ಸವಲತ್ತು."

"ಬೇಡವೇ ಬೇಡ. ಎರಡನ್ನೂ ಬಿಟ್ಟು ಹೋಗೋಣ" ಎಂದ ರೇಣುಕಪ್ಪ.

ಹೆದರಿಕೆ ವೀರಬಸಮ್ಮನಿಗೂ ಇತ್ತು. ಆದರೂ ಅಂದಳು: "ಅವರು ನಮಗೆ ಕೆಟ್ಟದ್ದು ಏನು ಮಾಡಿದ್ದಾರೆ? ಜನರನ್ನ ಕಳಿಸಿದ್ದಾರೆ. ತಗೋತೀನಿ ಸಾರ್."

ಒಳ್ಳೆಯ ದಿನ ನೋಡಿ ಅಲ್ಲಿ ಖಾರ ಕುಟ್ಟುವ ಮೆಷಿನ್ ಕೂರಿಸಿದಳು. ಸ್ವಿಚ್ ಹಾಕುವ ಮುನ್ನ ಎಲ್ಲರನ್ನೂ ಆಚೆ ಕಳಿಸಿ, ಖಾಲಿ ಗೋಡೆಯ ಮುಂದೆ ಕೈಮುಗಿದು ಕೇಳಿದಳು: "ಯಜಮಾನರೇ, ಬೇಜಾರಿಲ್ಲ ತಾನೇ?" ಕೇಳಿ ಸ್ವಿಚ್ ಒತ್ತಿದಳು.

ಆಮೇಲೆ ಯಾವ ಗಿರಾಕಿಯೂ ಆ ಬಿಳಿ ಅಂಗಿಯವರ ಮಾತೆತ್ತಲಿಲ್ಲ. ನಿಧಾನಕ್ಕೆ ಉಳಿದ ಮಳಿಗೆಗಳಿಗೂ ಜನ ಬಂದರು, ಹೂವಿನವರು, ಮೊಬೈಲಿನವರು. ವೀರಬಸಮ್ಮನ ಕಸುಬು ಕೈಹಿಡಿಯಿತು. ರೇಣುಕಪ್ಪ ಇವತ್ತಿಗೂ ಖಾರದ ಮಳಿಗೆಯೊಳಗೆ ಕಾಲಿಡುವುದಿಲ್ಲ. ಅವತ್ತು ಶಟರಿನ ಮುಂದೆ ಏನು ಮಾತಾಡಿದಿರಿ ಎಂದು ಹೆಂಡತಿ ಎಷ್ಟು ಕೇಳಿದರೂ ಹೇಳಿಲ್ಲ. ನೆನಪಿಲ್ಲ ಅನ್ನುತ್ತಾನೆ. ಅವನು ಸುಳ್ಳು ಹೇಳುವಾಗ ಕಣ್ಣು ತಗ್ಗಿಸುತ್ತಾನೆಂಬುದು ಅವಳಿಗೆ ಗೊತ್ತು.